ಪುಡಿ ಡಬ್ಬಿಯಲ್ಲಿ, ಹಣ್ಣು ಬ್ಯಾಗಿನಲ್ಲಿ

ಜುಲೈ ತಿಂಗಳ ಒಂದು ಬೆಳಿಗ್ಗೆ. ವಿರಾಜಪೇಟೆಯ ಬಸ್ ನಿಲ್ದಾಣದಲ್ಲಿ ಕೊಡೆ ಕೊಡವುತ್ತಾ ನಿಂತಿದ್ದೆ. ಬಸ್ಸಿಳಿದು ಬಂದವಳು ನನ್ನದೇ ತರಗತಿಯ ಹುಡುಗಿ. ಸಿದ್ದಾಪುರದ ಕಡೆಯವಳು, ಏಳು ಗಂಟೆಗೆಲ್ಲ ಮನೆ ಬಿಡಬೇಕು. ಕೈಯಲ್ಲಿ ಹತ್ತು ರೂಪಾಯಿಯ ಚಿಪ್ಸ್ ಪ್ಯಾಕೆಟ್.

"ಬೆಳಿಗ್ಗೆ ಏನು ತಿಂದೆ?"

"ಕಾಫಿ ಕುಡಿದೆ, ಮಿಸ್."

"ಕಾಫಿ ತಿಂಡಿ ಆಯ್ತೇನೇ?"

ನಕ್ಕಳು. ಅರ್ಧ ಪ್ಯಾಕೆಟ್ ಉಳಿಸಿ, ಬಾಯಿ ಮಡಚಿ, ಬ್ಯಾಗಿಗೆ ತುರುಕಿಕೊಂಡಳು. ಮಧ್ಯಾಹ್ನ ಅದನ್ನು ತೆಗೆದಾಗ ಚಿಪ್ಸ್ ಮುರಿಯುತ್ತಿರಲಿಲ್ಲ, ಬಾಗುತ್ತಿತ್ತು. "ನೋಡಿ ಮಿಸ್, ಚರ್ಮದ ಹಾಗೆ ಆಗಿದೆ" ಅಂತ ನನಗೇ ತೋರಿಸಿದಳು.

ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು. ಇಂಥ ಅವಕಾಶ ಬಿಡುತ್ತೇನಾ? ಮರುದಿನ ಲ್ಯಾಬಿನ ತಕ್ಕಡಿಯ ಮೇಲೆ ನಾಲ್ಕು ಚಿಪ್ಸ್ ಇಟ್ಟು, ಕಿಟಕಿ ತೆರೆದಿಟ್ಟೆವು. ಯಾರೂ ಮುಟ್ಟಿಲ್ಲ, ಏನೂ ಸೇರಿಸಿಲ್ಲ. ಆದರೂ ತಕ್ಕಡಿಯ ಕೊನೆಯ ಅಂಕಿ ಏರುತ್ತಲೇ ಹೋಯಿತು. ಚಿಪ್ಸ್ ಗಾಳಿಯನ್ನೇ ಕುಡಿಯುತ್ತಿತ್ತು.

ಗರಿಗರಿ ಅನ್ನುವುದು ರುಚಿಯಲ್ಲ, ಒಂದು ಸ್ಥಿತಿ. ಆಲೂಗಡ್ಡೆಯನ್ನು ಕರಿದಾಗ ಅದರೊಳಗಿನ ನೀರೆಲ್ಲ ಆವಿಯಾಗಿ ಹೋಗುತ್ತದೆ. ನೂರು ಗ್ರಾಮ್ ಚಿಪ್ಸ್‌ನಲ್ಲಿ ಉಳಿಯುವುದು ಸುಮಾರು 2 ಗ್ರಾಮ್ ನೀರು. ಪಿಷ್ಟದ ಉದ್ದುದ್ದ ಎಳೆಗಳು ಎಲ್ಲಿದ್ದವೋ ಅಲ್ಲೇ ಅಡ್ಡಾದಿಡ್ಡಿಯಾಗಿ ಬಿಗಿದು ನಿಲ್ಲುತ್ತವೆ. ವಿಜ್ಞಾನಿಗಳು ಇದಕ್ಕೆ ಗಾಜಿನ ಸ್ಥಿತಿ ಅಂತಲೇ ಕರೆಯುತ್ತಾರೆ. ಕಿಟಕಿಯ ಗಾಜಿನ ಹಾಗೆ ಇದೂ ಬಾಗುವುದಿಲ್ಲ, ಚಟ್ಟನೆ ಒಡೆಯುತ್ತದೆ. ಆ ಚಟ್ ಸದ್ದೇ ನಮಗೆ ಇಷ್ಟ. ಈಗ ಗಾಳಿಯಿಂದ ನೀರಿನ ಕಣಗಳು ಎಳೆಗಳ ನಡುವೆ ನುಸುಳಿದರೆ, ತುಕ್ಕು ಹಿಡಿದ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಬಿಗಿದಿದ್ದದ್ದೆಲ್ಲ ಸಡಿಲ. ಗಾಜು ಹೋಗಿ ರಬ್ಬರ್ ಆಗುತ್ತದೆ.

ಬಯಲುಸೀಮೆಯವರಿಗೆ ಇದು ದೊಡ್ಡ ವಿಷಯ ಅಲ್ಲ. ನಮ್ಮ ಕೊಡಗಿನಲ್ಲಿ ಮಾತ್ರ ಜೂನ್‌ನಿಂದ ಆಗಸ್ಟ್‌ವರೆಗೆ ಬಟ್ಟೆ ಒಣಗಲ್ಲ, ಬೆಂಕಿಪೊಟ್ಟಣ ಹತ್ತಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರಾಡುತ್ತದೆ. ಉಪ್ಪಿನ ಲೆಕ್ಕ ಬಹಳ ಖಚಿತ. ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ಅಡುಗೆ ಉಪ್ಪು ಗಾಳಿಯಿಂದ ನೀರೆಳೆದುಕೊಂಡು ತಾನೇ ಕರಗತೊಡಗುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆ ಆ ಗೆರೆಯ ಆಚೆಗೇ ಇರುತ್ತದೆ. ವಿದ್ಯಾರ್ಥಿಗಳಿಗೆ ಆರೋಗ್ಯಕರ ತಿಂಡಿ ಅಂತ ಬರೆಯುವವರು ಯಾರೂ ಈ ಮಳೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಅನ್ನುವುದು ನನ್ನ ದೂರು. ಮೊಳಕೆಕಾಳು ಕಟ್ಟಿಕೊಂಡು ಹೋಗಿ ಅನ್ನುತ್ತಾರೆ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಚಳಿಗೆ ಹೆಸರುಕಾಳು ಮೊಳಕೆ ಬರುವುದೇ ಒಂದು ದಿನ ತಡ. ಬಂದ ಮೇಲೆ ಒದ್ದೆ ಕಾಳನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಐದಾರು ಗಂಟೆ ಓಡಾಡಿಸಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಹಬೆಯಲ್ಲಿ ಬೇಯಿಸಿ ಮನೆಯಲ್ಲೇ ತಿಂದರೆ ಸರಿ. ಬಸ್ಸಿಗೆ ಬೇಡ.

ಹಾಗಾದರೆ ಬಸ್ಸಿಗೆ ಏನು? ಉತ್ತರ ನನಗೆ ಹೊಳೆದದ್ದು ಹಿಂದೊಮ್ಮೆ ಕೊಡವರ ಸುಗ್ಗಿ ಹಬ್ಬ ಪುತ್ತರಿಯ ಮರುದಿನ, ಇನ್ನೊಬ್ಬ ಹುಡುಗಿಯ ಡಬ್ಬಿ ನೋಡಿ.

ಅಂಗೈಯಷ್ಟು ಅಗಲದ ಸ್ಟೀಲ್ ಡಬ್ಬಿ. ಒಳಗೆ ಕಂದು ಬಣ್ಣದ ಪುಡಿ. ಬ್ಯಾಗಿನಿಂದ ಚೆನ್ನಾಗಿ ಕಳಿತ ಎರಡು ಸಣ್ಣ ಬಾಳೆಹಣ್ಣು ತೆಗೆದು, ಸಿಪ್ಪೆ ಸುಲಿದು, ಡಬ್ಬಿಗೇ ಹಾಕಿ ಮೂರು ಬೆರಳಲ್ಲಿ ಹಿಸುಕಿದಳು. ಪುಡಿ ಹಣ್ಣಿನ ನೀರನ್ನು ಹೀರಿಕೊಂಡು ಉಂಡೆಯಾಯಿತು. ಕ್ಲಾಸಿನ ತುಂಬ ಏಲಕ್ಕಿ ವಾಸನೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಇದೇ ತಂಬುಟ್ಟು. ಬಯಲುಸೀಮೆಯ ಬೆಲ್ಲದ ತಂಬಿಟ್ಟು ಅಲ್ಲ, ಕೊಡವರ ಮನೆಗಳಲ್ಲಿ ಪುತ್ತರಿಗೆ ಮಾಡುವ ತಂಬುಟ್ಟು. ಕುಸುಬಲಕ್ಕಿಯನ್ನು ಕೆಂಪಗೆ ಹುರಿದು, ಸ್ವಲ್ಪ ಮೆಂತ್ಯ, ಏಲಕ್ಕಿ ಸೇರಿಸಿ ಪುಡಿ ಮಾಡಿಟ್ಟುಕೊಳ್ಳುತ್ತಾರೆ. ತಿನ್ನುವಾಗ ಬಾಳೆಹಣ್ಣಿನ ಜೊತೆ ಕಲಸಿ, ಮೇಲೆ ತೆಂಗಿನ ತುರಿ, ಎಳ್ಳು, ತುಪ್ಪ. ಹಬ್ಬದ ತಿಂಡಿ ಅಂತ ವರ್ಷಕ್ಕೊಮ್ಮೆ ಮಾಡಿ ಮರೆತುಬಿಡುತ್ತೇವೆ. ಆದರೆ ಅದರಲ್ಲಿರುವ ಉಪಾಯ ನೋಡಿ. ಒಣಗಿದ್ದನ್ನು ಒಣಗಿದ ಹಾಗೆಯೇ ಇಡು, ಒದ್ದೆಯನ್ನು ಅದರದೇ ಸಿಪ್ಪೆಯೊಳಗೆ ಇಡು, ತಿನ್ನುವ ಹೊತ್ತಿಗೆ ಸೇರಿಸು. ಹುರಿದ ಪುಡಿಯಲ್ಲಿ ಬೂಸ್ಟು ಬೆಳೆಯಲು ಬೇಕಾದಷ್ಟು ನೀರಿಲ್ಲ. ಇನ್ನು ಬಾಳೆಹಣ್ಣಿಗೆ ಸಿಪ್ಪೆಗಿಂತ ಒಳ್ಳೆಯ ಪ್ಯಾಕಿಂಗ್ ಯಾರೂ ಕಂಡುಹಿಡಿದಿಲ್ಲ.

ಆದರೂ ಒಂದು ಮಾತು ಹೇಳಿಬಿಡಬೇಕು. ನುಣ್ಣಗೆ ಪುಡಿ ಮಾಡಿದ ಅಕ್ಕಿ ನಿಧಾನವಾಗಿ ಜೀರ್ಣವಾಗುವ ವಸ್ತು ಅಲ್ಲ. ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ನಮ್ಮ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಎಷ್ಟು ಅಂತ ಲೆಕ್ಕ ಹಾಕಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಖಾಲಿ ಹೊಟ್ಟೆಯಲ್ಲಿ ಪ್ರತಿ ಲೀಟರಿಗೆ ಹತ್ತಿರ ಹತ್ತಿರ 0.9 ಗ್ರಾಮ್ ಗ್ಲೂಕೋಸ್. ಒಟ್ಟು ನಾಲ್ಕೂವರೆ ಗ್ರಾಮ್, ಅಂದರೆ ಒಂದು ಟೀ ಚಮಚ. ಮಿದುಳು ದಿನಕ್ಕೆ ತಿನ್ನುವುದು ಸುಮಾರು 120 ಗ್ರಾಮ್. ಗಂಟೆಗೊಂದು ಚಮಚ ಅಂತಿಟ್ಟುಕೊಳ್ಳಿ. ಹಾಗಂತ ತಿಂಡಿ ಬಿಟ್ಟ ತಕ್ಷಣ ಮಿದುಳು ನಿಂತುಹೋಗಲ್ಲ. ಪಿತ್ತಕೋಶದ ಪಕ್ಕದ ನಮ್ಮ ಯಕೃತ್ತು ನೂರು ಗ್ರಾಮ್‌ನಷ್ಟು ದಾಸ್ತಾನು ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಬಿಡುತ್ತಿರುತ್ತದೆ. ಬುದ್ಧಿ ಹೆಚ್ಚಿಸುವ ತಿಂಡಿ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ತೊಂದರೆ ಆಗುವುದು ಬೇರೆ ಕಡೆ. ಖಾಲಿ ಹೊಟ್ಟೆಗೆ ಕ್ರೀಮ್ ಬನ್ ತಿಂದು, ಮೇಲೆ ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿದರೆ ಸಕ್ಕರೆ ಒಮ್ಮೆಲೇ ನುಗ್ಗುತ್ತದೆ. ಇನ್ಸುಲಿನ್ ಓಡಿಬಂದು ಅದನ್ನು ಇಳಿಸುತ್ತದೆ. ಕೆಲವರಲ್ಲಿ ಮೊದಲು ಇದ್ದದ್ದಕ್ಕಿಂತಲೂ ಕೆಳಗೆ ಇಳಿಸಿಬಿಡುತ್ತದೆ. ಬ್ರಿಟನ್ ಮತ್ತು ಅಮೆರಿಕದ ಸಾವಿರಕ್ಕೂ ಹೆಚ್ಚು ಜನರ ಮೈಗೆ ಗ್ಲೂಕೋಸ್ ಅಳೆಯುವ ಪಟ್ಟಿ ಅಂಟಿಸಿ ಮಾಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ತಿಂದ ಎರಡು ಮೂರು ಗಂಟೆಗೆ ಯಾರ ಸಕ್ಕರೆ ಹೀಗೆ ಕೆಳಗೆ ಕುಸಿಯುತ್ತದೋ ಅವರಿಗೆ ಹಸಿವೂ ಬೇಗ, ಮುಂದಿನ ಊಟವೂ ಜಾಸ್ತಿ. ಎಂಟೂವರೆಗೆ ಬನ್ ತಿಂದವರಿಗೆ ಈ ಎರಡು ಮೂರು ಗಂಟೆ ಬಂದು ಬೀಳುವುದು ಸರಿಯಾಗಿ ನನ್ನ ಪೀರಿಯಡ್ಡಿಗೆ. ಹಿಂದಿನ ಬೆಂಚಿನ ಆಕಳಿಕೆಗೆಲ್ಲ ನನ್ನ ಪಾಠವೇ ಕಾರಣ ಅಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ತಂಬುಟ್ಟಿನ ಪುಡಿಗೆ ಈ ಓಟ ತಡೆಯುವ ಲಗಾಮು ಬೇಕು. ಎಳ್ಳು, ತೆಂಗಿನ ತುರಿ ಆ ಕೆಲಸವನ್ನೇ ಮಾಡುತ್ತವೆ, ಯಾಕೆಂದರೆ ಕೊಬ್ಬು ಮತ್ತು ನಾರು ಇದ್ದರೆ ಹೊಟ್ಟೆ ಬೇಗ ಖಾಲಿಯಾಗಲ್ಲ. ಆದರೆ ತುರಿದ ಹಸಿ ಕಾಯಿ ಡಬ್ಬಿಯಲ್ಲಿ ಹಳಸುತ್ತದೆ. ಹಾಗಾಗಿ ನನ್ನ ತಿದ್ದುಪಡಿ: ಎರಡು ಪಾಲು ಅಕ್ಕಿ ಪುಡಿಗೆ ಒಂದು ಪಾಲು ಹುರಿಗಡಲೆಯನ್ನು ತರಿತರಿಯಾಗಿ ಪುಡಿ ಮಾಡಿ ಸೇರಿಸಿ, ಜೊತೆಗೆ ಹುರಿದ ಎಳ್ಳು ಒಂದು ಹಿಡಿ. ಹುರಿಗಡಲೆಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಮೀರಿ ಪ್ರೋಟೀನ್ ಇದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಮ್ಮಿ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಮೀಥಿಯೋನಿನ್ ಕಮ್ಮಿ, ಅಕ್ಕಿ ಎಳ್ಳು ಎರಡೂ ಅದನ್ನು ತುಂಬಿಕೊಡುತ್ತವೆ. ಕೊಡವ ಅಜ್ಜಿಯಂದಿರು ಈ ಬದಲಾವಣೆ ಒಪ್ಪಲಿಕ್ಕಿಲ್ಲ. ಹಬ್ಬದ ದಿನ ಹಳೆಯದೇ ಇರಲಿ.

ಪುಡಿ ಮಾಡುವ ಪುರುಸೊತ್ತೂ ಇಲ್ಲವೇ? ಲೈನ್ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ತೋಟದ ಕೆಲಸಕ್ಕೆ ಹೊರಟರೆ ಎಲ್ಲಿಯ ಪುಡಿ, ಎಲ್ಲಿಯ ಎಳ್ಳು. ಆಗ ಕಡ್ಲೆಕಾಯಿ ಬೀಜ. ಒಂದು ಹಿಡಿ ಅಂದರೆ 30 ಗ್ರಾಮ್. ಕಿಲೋಗೆ 150 ರೂಪಾಯಿ ಅಂತ ಹಿಡಿದರೂ ನಾಲ್ಕೂವರೆ ರೂಪಾಯಿ ಆಯಿತು. ಅದರಲ್ಲಿ ಸುಮಾರು 7 ಗ್ರಾಮ್ ಪ್ರೋಟೀನ್, ಅಂದರೆ ಒಂದು ಕೋಳಿಮೊಟ್ಟೆಗಿಂತ ತುಸು ಜಾಸ್ತಿಯೇ. ಮೊಟ್ಟೆಯೂ ಒಳ್ಳೆಯದೇ, ಆದರೆ ಬೇಯಿಸಿದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಬ್ಯಾಗಲ್ಲಿ ಇಟ್ಟುಕೊಳ್ಳಬಾರದು. ಕಾಲೇಜು ತಲುಪಿದ ಕೂಡಲೇ ತಿಂದು ಮುಗಿಸಿ.

ಹುರಿದ ಕಡ್ಲೆಕಾಯಿಯೂ ಮಳೆಗೆ ಮೆತ್ತಗಾಗುತ್ತದೆ. ಅದನ್ನು ಎಸೆಯಬೇಕಿಲ್ಲ. ಕಾದ ಕಾವಲಿಯ ಮೇಲೆ ಎರಡು ನಿಮಿಷ ಕೈಯಾಡಿಸಿ ಆರಲು ಬಿಡಿ. ಬಿಸಿ ಇರುವಾಗ ಕಡಿದು ನೋಡಿ "ಇನ್ನೂ ಮೆತ್ತಗೇ ಇದೆ" ಅಂತ ಮತ್ತೆ ಹುರಿದು ಕಪ್ಪು ಮಾಡುವವರೇ ಜಾಸ್ತಿ. ಗಾಜಿನ ಸ್ಥಿತಿ ಬರುವುದು ಆರಿದ ಮೇಲೆ. ಆದರೆ ಮುಗ್ಗಲು ವಾಸನೆ ಬಂದಿದ್ದರೆ, ಬೀಜ ಸುಕ್ಕಾಗಿ ಕಹಿಯಾಗಿದ್ದರೆ, ಹುರಿಯುವ ಯೋಚನೆಯನ್ನೇ ಮಾಡಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ಗೊತ್ತಾಗದೆ ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಸ್ಟು ಹಿಡಿದ ಕಡ್ಲೆಕಾಯಿ ಹಿಂಡಿ. ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಬೂಸ್ಟು ಬಿಟ್ಟ ಆ ವಿಷಕ್ಕೆ ಅದರ ಹೆಸರಿನಿಂದಲೇ ಅಫ್ಲಟಾಕ್ಸಿನ್ ಅಂತ ಹೆಸರಾಯಿತು. ಯಕೃತ್ತಿಗೆ ಹೊಡೆಯುವ ವಿಷ ಇದು, ಮನೆಯ ಬಾಣಲೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ, ಬಿಗಿ ಮುಚ್ಚಳದ ಬಾಟಲಿಯಲ್ಲಿಡಿ.

ಹಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ತೋಟದಲ್ಲಿ ಏನಿದೆಯೋ ಅದು. ಸೀಬೆ ಅನ್ನಿ, ಪೇರಳೆ ಅನ್ನಿ, ಅದರಲ್ಲಿ ಕಿತ್ತಳೆಯ ನಾಲ್ಕು ಪಟ್ಟು ವಿಟಮಿನ್ ಸಿ ಇದೆ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದೇ ಇಲ್ಲ, ಕಿತ್ತ ಮೇಲೆ ಹಣ್ಣಾಗುತ್ತದೆ. ಹಣ್ಣಾದದ್ದು ಪುಸ್ತಕಗಳ ನಡುವೆ ಸಿಕ್ಕಿದರೆ ನೋಟ್ಸಿನ ಕಥೆ ಮುಗಿಯಿತು. ಕಿತ್ತಳೆ ಸಿಕ್ಕಿದರೆ ಜ್ಯೂಸ್ ಮಾಡಿ ಬಾಟಲಿಗೆ ತುಂಬಬೇಡಿ. 1977ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಜನರಿಗೆ ಸೇಬನ್ನು ಇಡಿಯಾಗಿ, ಅರೆದು, ರಸ ಮಾಡಿ ಕೊಟ್ಟು ನೋಡಿದ್ದರು. ರಸ ಹನ್ನೊಂದು ಪಟ್ಟು ಬೇಗ ಖಾಲಿಯಾಯಿತು, ಹೊಟ್ಟೆ ತುಂಬಿದ್ದು ಮಾತ್ರ ಇಡೀ ಹಣ್ಣು ಕಡಿದು ತಿಂದಾಗ. ಅಗಿಯುವ ಕೆಲಸ ಸುಮ್ನೆ ಅಲ್ಲ.

ಈಗ ಕಾಫಿ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಕಾಫಿ ಬೇಡ ಅನ್ನುವ ಧೈರ್ಯ ನನಗಿಲ್ಲ, ಅನ್ನಬೇಕಾಗಿಯೂ ಇಲ್ಲ. ಸಮಯ ನೋಡಿಕೊಂಡರೆ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ. ಕಬ್ಬಿಣದ ಕೊರತೆ ಅದರ ಒಂದು ದೊಡ್ಡ ಕಾರಣ. ಎಳ್ಳು, ಕಡಲೆಯಲ್ಲಿ ಕಬ್ಬಿಣ ಇದೆ, ಆದರೆ ಕಾಫಿ, ಚಹಾದಲ್ಲಿರುವ ಒಗರಿನ ಅಂಶಗಳು ಕರುಳಲ್ಲಿ ಅದನ್ನು ಕಟ್ಟಿಹಾಕಿಬಿಡುತ್ತವೆ. 1983ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದರು. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಮೈ ಹೀರುವ ಕಬ್ಬಿಣ 39 ಶೇಕಡಾ ಕಮ್ಮಿಯಾಯಿತು. ಚಹಾ ಕುಡಿದರೆ 64 ಶೇಕಡಾ. (ಊಟ ಹ್ಯಾಂಬರ್ಗರ್. ಪಂದಿಕರಿ ಕಡುಬಿನ ಜೊತೆ ಯಾರೂ ಅಳೆದ ಹಾಗಿಲ್ಲ.) ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಊಟವಾಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿದರೂ ನಷ್ಟ ಅಷ್ಟೇ. ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದಿದ್ದರೆ ನಷ್ಟವೇ ಇಲ್ಲ!

ಅಂದರೆ ಬೆಳಿಗ್ಗೆ ಆರು ಗಂಟೆಗೆ ಅಮ್ಮ ಕೊಡುವ ಬೆಲ್ಲದ ಕಾಫಿ ನಿರಪರಾಧಿ. ಹನ್ನೊಂದು ಗಂಟೆಯ ಬಿಡುವಿನಲ್ಲಿ ತಿಂಡಿಯ ಜೊತೆಗೇ ಕುಡಿಯುವ ಚಹಾ ತಪ್ಪಿತಸ್ಥ. ಆ ಹೊತ್ತಿಗೆ ಚಹಾದ ಬದಲು ಸೀಬೆ ಕಡಿದರೆ ಲೆಕ್ಕ ತಿರುಗುತ್ತದೆ, ವಿಟಮಿನ್ ಸಿ ಕಬ್ಬಿಣವನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ.

ಚಿಪ್ಸ್ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅವಳ ಮನೆಯಲ್ಲಿ ತಂಬುಟ್ಟು ಮಾಡುವ ರೂಢಿ ಇಲ್ಲ, ಅಮ್ಮ ರಾಗಿ ಹುರಿಹಿಟ್ಟು ಮಾಡುತ್ತಾರಂತೆ. "ಅದೇ ಆಗುತ್ತೆ, ಬಾಳೆಹಣ್ಣು ಆಮೇಲೆ ಕಲಸು" ಅಂದೆ. ಎರಡು ವಾರ ಕಳೆದು ಬಿಡುವಿನಲ್ಲಿ ಡಬ್ಬಿ ಹಿಡಿದು ಬಂದಳು. ತಳದಲ್ಲಿ ಹಿಟ್ಟು, ಪುಟ್ಟ ಪೊಟ್ಟಣದಲ್ಲಿ ಕಡ್ಲೆಕಾಯಿ, ಕೈಯಲ್ಲಿ ಅರ್ಧ ಕಡಿದ ಸೀಬೆ.

"ಸೀಬೆ ಮುಗಿದ ಮೇಲೆ ಏನು ಮಾಡಲಿ, ಮಿಸ್?"

"ನೆಲ್ಲಿಕಾಯಿ ಬರುತ್ತಲ್ಲ."

"ಹಾಗಾದ್ರೆ ಉಪ್ಪು ಖಾರನೂ ಒಂದು ಪೊಟ್ಟಣ ಕಟ್ಕೊಂಡು ಬರ್ತೀನಿ."

"ಮಳೆ ನಿಂತ ಮೇಲೆ ತಾ" ಅಂದೆ.