ಯಾವ ಹೊಳೆಯ ಮೀನು?

ಅಪರೂಪದ ಕೋರಿಡೋರಾಸ್ ಮೀನು (ನಮ್ಮ ಬಾಯಲ್ಲಿ ‘ಕೋರಿ’) ಬೇಕೆಂದು ಕೇಳಿಕೊಂಡು ಬರುವವರ ಮೊದಲ ಮಾತು ಸಾಮಾನ್ಯವಾಗಿ ಬೆಲೆಯದು, ಎರಡನೆಯದು ಬಣ್ಣದ್ದು. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ‘ಅದು ಯಾವ ಹೊಳೆಯ ಮೀನೆಂದು ಮಾರುವವರು ಹೇಳಿದ್ದಾರೆಯೇ?’ ಅಲಂಕಾರಿಕ ಮೀನುಗಳ ಮರಿ ಮಾಡಿಸುವುದು, ಹೊರಗಿನಿಂದ ಬಂದ ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಚೇತರಿಸಿಕೊಳ್ಳಲು ಬಿಡುವುದು ನನ್ನ ಕಸುಬು. ಕೋರಿಗಳ ವಿಷಯದಲ್ಲಿ ಹೊಳೆಯ ಹೆಸರು ಗೊತ್ತಾದರೆ ಸಾಕು, ನೀರು ಎಷ್ಟು ಬೆಚ್ಚಗಿರಬೇಕು, ಎಷ್ಟು ಮೆದುವಾಗಿರಬೇಕು, ತಳಕ್ಕೆ ಏನು ಹಾಸಬೇಕು, ಯಾವ ಕಾಲದಲ್ಲಿ ಮೊಟ್ಟೆಯನ್ನು ನಿರೀಕ್ಷಿಸಬೇಕು ಎಂಬುದೆಲ್ಲ ಅರ್ಧಕ್ಕರ್ಧ ತಿಳಿದಂತೆ. ಹೆಸರು ಗೊತ್ತಿಲ್ಲದಿದ್ದರೆ ಕೈಯಲ್ಲಿರುವುದು ದುಬಾರಿ ಮೀನು, ಅಷ್ಟೇ.

ಕೋರಿಡೋರಾಸ್ ಗುಂಪಿನ ಈ ಪುಟ್ಟ ಕ್ಯಾಟ್‌ಫಿಶ್‌ಗಳ ನೆಲೆ ದಕ್ಷಿಣ ಅಮೆರಿಕ. ಆಂಡಿಸ್ ಪರ್ವತಗಳ ಪೂರ್ವಕ್ಕೆ, ಟ್ರಿನಿಡಾಡ್ ಮತ್ತು ವೆನೆಜುವೆಲಾದಿಂದ ಹಿಡಿದು ಅರ್ಜೆಂಟೀನಾದ ಲಾ ಪ್ಲಾಟಾ ಕೊಳ್ಳದವರೆಗೆ ಹಬ್ಬಿವೆ. ಹೆಸರಿಟ್ಟು ವಿವರಿಸಿದ ಪ್ರಭೇದಗಳೇ 150ಕ್ಕೂ ಹೆಚ್ಚು. ನಮ್ಮ ಅಂಗಡಿಗಳಲ್ಲಿ ಸಿಗುವ ಕಂಚಿನ ಬಣ್ಣದ ಏನಿಯಸ್, ಅದರ ಬಿಳಿಯ ಅಲ್ಬಿನೊ ತಳಿ, ಬೂದು ಮಚ್ಚೆಗಳ ಪೇಲಿಯೇಟಸ್ ಎಲ್ಲವೂ ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಪೇಲಿಯೇಟಸ್‌ಗೆ ವಿಶೇಷ ಚರಿತ್ರೆಯೂ ಇದೆ. ಬೀಗಲ್ ಹಡಗಿನ ಯಾನದಲ್ಲಿ ಡಾರ್ವಿನ್ ಸಂಗ್ರಹಿಸಿದ ಮೀನುಗಳಲ್ಲಿ ಅದೂ ಒಂದು. 1842ರಲ್ಲಿ ನಿಸರ್ಗಶಾಸ್ತ್ರಜ್ಞ ಜೆನಿನ್ಸ್ ಅದನ್ನು ವಿವರಿಸಿದರು. ತಂಪು ಸೀಮೆಯ ಮೀನಾದ್ದರಿಂದ ಬೆಂಗಳೂರಿನ ಚಳಿಗಾಲವನ್ನು ಹೀಟರ್ ಇಲ್ಲದೆ ಕಳೆಯುತ್ತದೆ. ಇವೆಲ್ಲ ನಮ್ಮ ನೀರಿಗೆ ಹೊಂದಿಕೊಂಡಿವೆ. ಆ ಧೈರ್ಯದ ಮೇಲೆ ಅಪರೂಪದ ಮೀನನ್ನು ತಂದಾಗ ತೊಂದರೆ ಶುರುವಾಗುತ್ತದೆ.

ಅಪರೂಪ ಎನ್ನುವುದರಲ್ಲೂ ಬಗೆಗಳಿವೆ. ಒಂದೇ ಒಂದು ಉಪನದಿಯಲ್ಲಿ ಮಾತ್ರ ಇರುವ ಮೀನು ನಿಜಕ್ಕೂ ಅಪರೂಪ. ಕಾಡಿನಲ್ಲಿ ಹೇರಳವಾಗಿದ್ದೂ ಅಲ್ಲಿಗೆ ಹೋಗುವ ದಾರಿ ಕಷ್ಟವಾದ್ದರಿಂದ ಮಾರುಕಟ್ಟೆಗೆ ಬಾರದ ಮೀನು ಇನ್ನೊಂದು ಬಗೆ. ವಿಜ್ಞಾನದ ಹೆಸರೇ ಇಲ್ಲದೆ ಸಂಖ್ಯೆಯ ಮೇಲೆ ಮಾರಾಟವಾಗುವುದು ಮೂರನೆಯದು. ಹೆಸರಿಲ್ಲದ ಕೋರಿಗಳಿಗೆ ‘ಸಿ’ ಸಂಖ್ಯೆ ಕೊಡುವ ಪದ್ಧತಿಯನ್ನು 1993ರಲ್ಲಿ ಜರ್ಮನಿಯ ಅಕ್ವೇರಿಯಂ ಪತ್ರಿಕೆ ಡಾಟ್ಸ್ ಆರಂಭಿಸಿತು, ಆಮೇಲೆ ‘ಸಿಡಬ್ಲ್ಯು’ ಸಂಖ್ಯೆಗಳು ಬಂದವು. ಬೆನ್ನ ಮೇಲೆ ಹಸಿರು, ಚಿನ್ನ, ಕಿತ್ತಳೆ ಬಣ್ಣದ ಗೆರೆ ಹೊಳೆಯುವ ಪೆರುವಿನ ‘ಲೇಸರ್’ ಕೋರಿಗಳು ಈ ಸಾಲಿನವು. ಅವನ್ನು ಹಿಡಿದ ಜಾಗವನ್ನು ರಫ್ತುದಾರರು ಗುಟ್ಟಾಗಿಡುವುದುಂಟು. ಅವರ ವ್ಯಾಪಾರಕ್ಕೆ ಅದು ಬೇಕಿರಬಹುದು. ಆದರೆ ಮೀನನ್ನು ಸಾಕುವವನಿಗೆ ಅದರಿಂದ ನಷ್ಟವೇ ಹೆಚ್ಚು.

ನಾನು ಹೇಳುವುದು ಅರ್ಥವಾಗಬೇಕಾದರೆ ಬ್ರೆಜಿಲಿನ ರಿಯೊ ನೀಗ್ರೊ ನದಿಯ ಮೇಲಣ ಸೀಮೆಗೆ ಹೋಗಬೇಕು. ಸಾವ್ ಗೇಬ್ರಿಯಲ್ ದ ಕಶುವೇರಾ ಎಂಬ ಊರಿನ ಸುತ್ತಮುತ್ತಲ ಕಾಡುತೊರೆಗಳಿಂದ ಬಂದ ಒಂದು ಮೀನಿಗೆ 1982ರಲ್ಲಿ ಮೀನು ವಿಜ್ಞಾನಿ ಬರ್ಜೆಸ್ ಅವರು ಅಡೋಲ್ಫೊಯಿ ಎಂದು ಹೆಸರಿಟ್ಟರು. ಅದೇ ನದಿಯ ದಂಡೆಯ ಮನೌಸ್ ನಗರದ ಮೀನು ರಫ್ತುದಾರ ಅಡೋಲ್ಫೊ ಶ್ವಾರ್ಟ್ಸ್ ಅವರ ಗೌರವಾರ್ಥ. ಕೆನೆಬಣ್ಣದ ಮೈ, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬೆನ್ನುದ್ದಕ್ಕೂ ಇನ್ನೊಂದು ಕಪ್ಪು ಪಟ್ಟಿ, ಎರಡರ ನಡುವೆ ನೆತ್ತಿಯ ಹಿಂದೆ ಉರಿಯುವ ಕಿತ್ತಳೆ ಮಚ್ಚೆ. ಮರುವರ್ಷವೇ ಇದೇ ಬಣ್ಣದ, ಆದರೆ ಮೂತಿ ಉದ್ದವಾದ ಇಮಿಟೇಟರ್ ವಿವರಣೆಗೆ ಬಂತು. 1995ರಲ್ಲಿ ಡೇವಿಡ್ ಸ್ಯಾಂಡ್ಸ್ ಅವರು ಇನ್ನೆರಡನ್ನು ಸೇರಿಸಿದರು: ಅಡೋಲ್ಫೊಯಿಯ ತದ್ರೂಪದಂತಿರುವ ಡುಪ್ಲಿಕೇರಿಯಸ್, ಮತ್ತು ಉದ್ದ ಮೂತಿಯ ಸೆರ್ರೇಟಸ್. ಬಣ್ಣ ಒಂದೇ, ಮೀನು ನಾಲ್ಕು.

ಹೀಗೇಕೆ ಎಂಬುದಕ್ಕೆ ಉತ್ತರ ಅವುಗಳ ಮುಳ್ಳಿನಲ್ಲಿದೆ. ಕೋರಿಯ ಎದೆಯ ಈಜುರೆಕ್ಕೆಗಳಿಗೂ ಬೆನ್ನಿನ ರೆಕ್ಕೆಗೂ ಮುಂದುಗಡೆ ಗಟ್ಟಿ ಮುಳ್ಳಿದೆ. ಹೆದರಿದಾಗ ಅದನ್ನು ನೆಟ್ಟಗೆ ನಿಲ್ಲಿಸಿ ಚಿಲಕ ಹಾಕಿದಂತೆ ಬಿಗಿಯುತ್ತದೆ. ಎದೆಮುಳ್ಳಿನ ಬುಡದಲ್ಲಿ ವಿಷಗ್ರಂಥಿಯಿದೆ. ನಮ್ಮ ಕೆರೆಗಳ ಚೇಳುಮೀನಿನ ಮುಳ್ಳು ಚುಚ್ಚಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕೋರಿಯದು ಅಷ್ಟು ಉಗ್ರವಲ್ಲ. ಮೈತುಂಬ ಎಲುಬಿನ ಫಲಕಗಳ ಕವಚ ಬೇರೆ. ಇಂಥ ಮೀನನ್ನು ಒಮ್ಮೆ ಬಾಯಿಗೆ ಹಾಕಿಕೊಂಡ ಬೇಟೆಗಾರ ಮೀನು ಆ ಬಣ್ಣವನ್ನು ಮತ್ತೆ ಮುಟ್ಟುವುದಿಲ್ಲ. ಒಂದೇ ತೊರೆಯಲ್ಲಿರುವ ಎರಡು ಮೂರು ಪ್ರಭೇದಗಳು ಒಂದೇ ಬಣ್ಣ ತೊಟ್ಟರೆ ಆ ಪಾಠದ ಲಾಭ ಎಲ್ಲಕ್ಕೂ ಸಿಗುತ್ತದೆ. ಹಾಗಾದರೆ ಆಹಾರಕ್ಕೆ ಜಗಳವಾಗುವುದಿಲ್ಲವೇ? 2011ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕೆದಕಿತು. ಒಂದೇ ಬಣ್ಣ ಹಂಚಿಕೊಂಡು ಜೊತೆಗಿರುವ ಕೋರಿಗಳು ಬಹುಪಾಲು ದೂರದ ಸಂಬಂಧಿಗಳು. ಅವುಗಳ ಮೂತಿಯ ಅಳತೆ ಬೇರೆ, ಊಟವೂ ಬೇರೆ. ಮೋಟು ಮೂತಿಯದು ಮರಳಿನ ಮೇಲ್ಪದರ ಕೆದಕಿದರೆ ಉದ್ದ ಮೂತಿಯದು ಆಳಕ್ಕಿಳಿಯುತ್ತದೆ.

ಅಡೋಲ್ಫೊಯಿ ಮತ್ತು ಡುಪ್ಲಿಕೇರಿಯಸ್ ಮಾತ್ರ ಎರಡೂ ಮೋಟು ಮೂತಿಯವು, ಹತ್ತಿರದ ನಂಟರು. ಮೊಬೈಲಿನಲ್ಲಿ ಬಂದ ಫೋಟೊ ನೋಡಿ ಇವನ್ನು ಗುರುತಿಸಿಕೊಡಿ ಎಂದು ಕೇಳುವವರಿಗೆ ನಾನು ಒಪ್ಪುವುದಿಲ್ಲ. ಮೀನನ್ನು ತೆಳುವಾದ ಗಾಜಿನ ಪೆಟ್ಟಿಗೆಗೆ ಇಳಿಸಿ, ಅದು ತಿಳಿಯಾಗಿ ನಿಂತ ಮೇಲೆ ಭೂತಗನ್ನಡಿ ಹಿಡಿದು ನೋಡಬೇಕು. ಡುಪ್ಲಿಕೇರಿಯಸ್‌ನ ಬೆನ್ನಪಟ್ಟಿ ಅಗಲ, ಕಿತ್ತಳೆ ಮಚ್ಚೆ ಹೆಚ್ಚು ಗಾಢ. ನನಗೆ ನಂಬಿಕೆ ಇರುವುದು ಎದೆಮುಳ್ಳಿನ ಮೇಲೆ. ಅದರ ಹಿಂಬದಿಯ ಅಂಚಿನಲ್ಲಿ ಗರಗಸದಂತೆ ದೊಡ್ಡ ಹಲ್ಲುಗಳಿದ್ದರೆ ಡುಪ್ಲಿಕೇರಿಯಸ್, ಅಂಚು ಹೆಚ್ಚುಕಡಿಮೆ ನುಣುಪಾಗಿ ಕಂಡರೆ ಅಡೋಲ್ಫೊಯಿ. ಇಷ್ಟು ಶ್ರಮ ಏಕೆಂದರೆ ಎರಡನ್ನೂ ಬೆರೆಸಿ ಒಂದೇ ತೊಟ್ಟಿಯಲ್ಲಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆ ಯಾವುದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಇನ್ನು ಆ ತೊರೆಗಳ ನೀರು. ರಿಯೊ ನೀಗ್ರೊ ಹರಿದು ಬರುವುದು ಬಹಳ ಹಳೆಯ, ಮಳೆಯಿಂದ ತೊಳೆದು ಬಸವಳಿದ ನೆಲದಿಂದ. ಖನಿಜ ಎಂಬುದು ಆ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೊಳೆತ ಎಲೆಗಳ ಆಮ್ಲಗಳಿಂದ ಬಣ್ಣ ಹಾಲು ಹಾಕದ ಚಹಾದಂತೆ. ಆಮ್ಲೀಯತೆಯ ಅಳತೆಯಾದ ಪಿಎಚ್ ನಾಲ್ಕರಿಂದ ಐದು (ಏಳಕ್ಕಿಂತ ಕಡಿಮೆಯಾದಷ್ಟೂ ಆಮ್ಲ ಹೆಚ್ಚು). ಕರಗಿದ ಲವಣಗಳ ಸೂಚಕವಾದ ವಿದ್ಯುದ್ವಾಹಕತೆ ಸೆಂಟಿಮೀಟರಿಗೆ 10 ಮೈಕ್ರೊಸೀಮೆನ್ಸ್ ಆಸುಪಾಸು. ತಳದಲ್ಲಿ ಬಿಳಿ ಮರಳು, ಅದರ ಮೇಲೆ ದಪ್ಪನೆಯ ತರಗೆಲೆ. ನಮ್ಮ ಬೆಂಗಳೂರಿನ ಕೊಳವೆಬಾವಿಗಳ ನೀರಿನಲ್ಲಿ ಟಿಡಿಎಸ್ (ಕರಗಿದ ಲವಣಾಂಶ) ಲೀಟರಿಗೆ 500 ಮಿಲಿಗ್ರಾಂ ದಾಟುವುದು ಮಾಮೂಲು. ಅಂಥ ನೀರಿಗೆ ಕಾಡಿನಿಂದ ಹಿಡಿದ ಅಡೋಲ್ಫೊಯಿಯನ್ನು ಬಿಟ್ಟರೆ ಏನಾಗುತ್ತದೆಂದು ಊಹಿಸಬಹುದು.

ಹಾಗೆಂದು ಪಿಎಚ್ ನಾಲ್ಕೂವರೆಗೆ ಇಳಿಸಲು ಹೊರಡಬೇಡಿ. ಆರಕ್ಕಿಂತ ಕೆಳಗಿಳಿದಂತೆ ಫಿಲ್ಟರಿನಲ್ಲಿ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ. ಅನುಭವವಿಲ್ಲದವರ ಕೈಯಲ್ಲಿ ಅದು ಗಡಸು ನೀರಿಗಿಂತ ಅಪಾಯ. ಆರ್‌ಒ ನೀರಿಗೆ ಸ್ವಲ್ಪ ನಲ್ಲಿನೀರು ಬೆರೆಸಿ, ಪಿಎಚ್ ಆರೂವರೆಯ ಸುತ್ತ ಸ್ಥಿರವಾಗಿ ನಿಲ್ಲಿಸಿ. ಒಣಗಿದ ಕಾಡುಬಾದಾಮಿ ಎಲೆಗಳನ್ನು ಹಾಸಿ. ಕ್ರಿಮಿನಾಶಕ ಸಿಂಪಡಿಸದ ಕಡೆಯ ಮರದ ಎಲೆಯಾಗಿರಲಿ. ತೊಟ್ಟಿಯಲ್ಲಿ ಹುಟ್ಟಿದ ಮರಿಗಳಿಗೆ ಇಷ್ಟು ಸಾಕು.

ತಳದ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಕೋರಿ ಊಟ ಮಾಡುವುದನ್ನು ಹತ್ತಿರದಿಂದ ನೋಡಿ. ಮೀಸೆಗಳಿಂದ ತಡವುತ್ತಾ ಬಂದು, ಕಣ್ಣಿನವರೆಗೂ ಮೂತಿಯನ್ನು ಮರಳಿಗೆ ತೂರಿಸಿ, ಬಾಯ್ತುಂಬ ಮರಳು ತೆಗೆದುಕೊಂಡು, ಹುಳುವನ್ನು ಉಳಿಸಿಕೊಂಡು ಮರಳನ್ನು ಕಿವಿರಿನಿಂದ ಎರಡು ಕಡೆಗೂ ಸುರಿಯುತ್ತದೆ. ಬಣ್ಣದ ಜಲ್ಲಿ ಹಾಸಿದ ತೊಟ್ಟಿಯಲ್ಲಿ ಇದು ಸಾಧ್ಯವೇ ಇಲ್ಲ. ಜಲ್ಲಿಯ ಸಂದುಗಳಲ್ಲಿ ಕೊಳೆ ನಿಂತು, ಸೋಂಕಾಗಿ, ಮೀಸೆ ಕರಗುತ್ತಾ ಬರುತ್ತದೆ. ನನ್ನ ಬಳಿ ಬರುವ ಕೋರಿಗಳಲ್ಲಿ ಇದೇ ಸಾಮಾನ್ಯ ಕಾಯಿಲೆ. ನುಣ್ಣನೆಯ ನದಿಮರಳು ಹಾಸಿ, ವಾರಕ್ಕೊಮ್ಮೆ ಮೇಲ್ಪದರ ಸ್ವಚ್ಛ ಮಾಡಿದರೆ ಔಷಧಿಯಿಲ್ಲದೆ ಮೀಸೆ ಮತ್ತೆ ಬೆಳೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಉದ್ದ ಮೂತಿಯವಕ್ಕೆ ಮರಳು ಇನ್ನೂ ಆಳವಾಗಿರಬೇಕು. 2024ರ ಪರಿಷ್ಕರಣೆಯಲ್ಲಿ ವಿಜ್ಞಾನಿಗಳು ಈ ಇಡೀ ಉಪಕುಟುಂಬವನ್ನು ಏಳು ಕುಲಗಳಾಗಿ ವಿಂಗಡಿಸಿ, ಕೋರಿಡೋರಾಸ್ ಎಂಬ ಹೆಸರನ್ನು ಉದ್ದ ಮೂತಿಯ ಒಂದು ಗುಂಪಿಗಷ್ಟೇ ಉಳಿಸಿದ್ದಾರೆ. ಪಾಂಡಾ ಎಂಬ ಕೋರಿ ಈಗ ಹಾಪ್ಲಿಸೋಮಾ ಕುಲಕ್ಕೆ, ಏನಿಯಸ್ ಆಸ್ಟಿಯೋಗ್ಯಾಸ್ಟರ್ ಕುಲಕ್ಕೆ ಸೇರಿದೆ. ಅಂಗಡಿಯ ಫಲಕಗಳು ಬದಲಾಗಲು ಕಾಲ ಬೇಕು, ಸದ್ಯ ಎರಡೂ ಹೆಸರು ತಿಳಿದಿರಲಿ.

ಎಲ್ಲ ಕೋರಿಗಳೂ ರಿಯೊ ನೀಗ್ರೊದಂಥ ಕಪ್ಪುನೀರಿನವಲ್ಲ. ಪಾಂಡಾ ಬರುವುದು ಪೆರುವಿನ ಪಚಿಟೆಯಾ ನದಿಯ ಸೀಮೆಯಿಂದ, ಆಂಡಿಸ್ ಬೆಟ್ಟಗಳ ಬುಡದ ತಂಪು ಹರಿವಿನಿಂದ. ಅದಕ್ಕೆ 22ರಿಂದ 24 ಡಿಗ್ರಿ ಹಿತ. ಡಿಸ್ಕಸ್ ಮೀನುಗಳ 29 ಡಿಗ್ರಿಯ ತೊಟ್ಟಿಗೆ ಅದನ್ನು ಬಿಟ್ಟು, ವರ್ಷದೊಳಗೆ ಕಳೆದುಕೊಂಡವರು ಅನೇಕರು. ಆ ತೊಟ್ಟಿಗೆ ಹೊಂದುವುದು ಸ್ಟರ್ಬಾಯ್. ಅದರ ಊರು ಬ್ರೆಜಿಲ್–ಬೊಲಿವಿಯಾ ಗಡಿಯ ಗುವಾಪೊರೆ ನದಿ, ಬೆಚ್ಚನೆಯ ನೀರು ಅದಕ್ಕೆ ಒಗ್ಗುತ್ತದೆ. ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿಯ ಕಾಡುತೊರೆಗಳ ಬಾರ್ಬೇಟಸ್‌ಗೆ ಪಾಂಡಾಗಿಂತಲೂ ತಂಪು ಬೇಕು, ಮೈಸೂರು ಬೆಂಗಳೂರಿನ ಬೇಸಿಗೆಯೇ ಅದಕ್ಕೆ ಕಷ್ಟ. ಆ ಕರಾವಳಿ ಕಾಡು ಅಳಿದುಳಿದ ತುಂಡುಗಳಲ್ಲಷ್ಟೇ ಇದೆ, ಮೀನಿನ ಕಥೆಯೂ ಅದರ ಜೊತೆಗೇ ಕಟ್ಟಿಕೊಂಡಿದೆ. ಬೆನ್ನ ಮೇಲೆ ಎರಡು ಕಪ್ಪು ಮಚ್ಚೆಗಳ ವೈಟ್ಸ್‌ಮನಿ ಪ್ರಭೇದವನ್ನು 1971ರಲ್ಲಿ ಪೆರುವಿನ ಕುಸ್ಕೊ ಸೀಮೆಯ ಮಾದರಿಗಳಿಂದ ವಿವರಿಸಿದರು. ಆಮೇಲೆ ಮೂರು ದಶಕಗಳಷ್ಟು ಕಾಲ ಹವ್ಯಾಸಿಗಳು ಅದನ್ನು ಜೀವಂತ ಕಂಡಿರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಮತ್ತೆ ಸಿಕ್ಕಿ, ಈಗ ತೊಟ್ಟಿಗಳಲ್ಲೇ ಮರಿಯಾಗುತ್ತಿದೆ. ನನಗೆ ಇಂಥ ಮರಿಗಳ ಮೇಲೆಯೇ ಹೆಚ್ಚು ಒಲವು.

ಸಾಗಣೆಯ ಬಗ್ಗೆ ಒಂದು ಮಾತು. ಗಾಬರಿಯಾದ ಕೋರಿ ಬಿಟ್ಟ ವಿಷ ಚೀಲದ ಅಷ್ಟಿಷ್ಟು ನೀರಿನಲ್ಲಿ ಸೇರಿ ಅದನ್ನೇ ಕೊಲ್ಲಬಲ್ಲದು. ಚೀಲದ ನೀರು ನೊರೆನೊರೆಯಾಗಿ, ಮೀನು ವಾಲಿಕೊಂಡಿದ್ದರೆ ನಿಧಾನವಾಗಿ ಹೊಂದಿಸುವ ಕ್ರಮವನ್ನು ಬಿಟ್ಟು ತಕ್ಷಣ ಹೊಸ ನೀರಿಗೆ ಹಾಕಿ. ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಬಲೆಯ ಬದಲು ಲೋಟದಲ್ಲಿ ಎತ್ತಿ. ತೊಟ್ಟಿಗೆ ಬಿಟ್ಟ ಮೇಲೆ ಮೀನು ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗಿದರೆ ಹೆದರಬೇಕಿಲ್ಲ. ಕೋರಿಗಳು ನುಂಗಿದ ಗಾಳಿಯಿಂದ ಕರುಳಿನ ಮೂಲಕ ಆಮ್ಲಜನಕ ಹೀರಿಕೊಳ್ಳುತ್ತವೆ. ನಿಮಿಷ ನಿಮಿಷಕ್ಕೂ ಚಿಮ್ಮುತ್ತಿದ್ದರೆ ಮಾತ್ರ ನೀರನ್ನು ಪರೀಕ್ಷಿಸಿ.

ಕಾಡಿನಿಂದ ಹಿಡಿದ ಮೀನು ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೊಳೆಯಿಂದ ಹೊಳೆಗೆ ಬದಲಾಗುತ್ತದೆ. ರಿಯೊ ನೀಗ್ರೊ ದಂಡೆಯ ಬಾರ್ಸೆಲೊಸ್ ಊರಿನಲ್ಲಿ ಕಾರ್ಡಿನಲ್ ಟೆಟ್ರಾದಂಥ ಪುಟ್ಟ ಮೀನುಗಳನ್ನು ಹಿಡಿದು ಬದುಕುವ ಕುಟುಂಬಗಳಿವೆ. ಆ ಆದಾಯ ಇರುವವರೆಗೆ ಕಾಡು ಕಡಿಯುವ, ಗಣಿ ತೋಡುವ ಒತ್ತಡ ಕಡಿಮೆ. ವಿಶಾಲವಾಗಿ ಹಬ್ಬಿದ ಮೀನಿಗೆ ಈ ವಾದ ಒಪ್ಪುತ್ತದೆ. ಒಂದೇ ಉಪನದಿಯ ಕೋರಿಗೆ ಒಪ್ಪುವುದಿಲ್ಲ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್ ‘ಮಿಸ್ ಕೇರಳ’ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋಗಿ ಹೋಗಿ ಅಳಿವಿನಂಚಿನ ಪಟ್ಟಿ ಸೇರಿದ್ದನ್ನು ನಾವೇ ಕಂಡಿದ್ದೇವೆ. ರಿಯೊ ನೀಗ್ರೊ ಸೀಮೆಯಲ್ಲಿ ಇದರ ಮೇಲೆ ಬರಗಾಲವೂ ಕೂಡಿಕೊಂಡಿತು. 1902ರಿಂದ ದಾಖಲೆ ಇಟ್ಟಿರುವ ಮನೌಸ್‌ನಲ್ಲಿ 2023ರಲ್ಲಿ ರಿಯೊ ನೀಗ್ರೊ ಅತ್ಯಂತ ಕೆಳಮಟ್ಟಕ್ಕೆ ಇಳಿಯಿತು, 2024ರಲ್ಲಿ ಅದಕ್ಕಿಂತಲೂ ಕೆಳಗೆ ಹೋಯಿತು. ಹಾಗಾಗಿ ಅಡೋಲ್ಫೊಯಿ, ಡುಪ್ಲಿಕೇರಿಯಸ್‌ನಂಥವನ್ನು ನಾನು ತೊಟ್ಟಿಯಲ್ಲಿ ಹುಟ್ಟಿದ್ದಾದರೆ ಮಾತ್ರ ತರಿಸುತ್ತೇನೆ, ಬೆಲೆ ಹೆಚ್ಚಾದರೂ, ಕಾಯಬೇಕಾಗಿ ಬಂದರೂ.

ಮರಿ ಮಾಡಿಸಲು ನಮ್ಮ ಮುಂಗಾರೇ ಒಳ್ಳೆಯ ಜೊತೆಗಾರ. ಒಂದು ಹೆಣ್ಣಿಗೆ ಎರಡು ಗಂಡಿನಂತೆ ಗುಂಪು ಮಾಡಿ, ಕೆಲವು ವಾರ ಜೀವಂತ ಹುಳುಗಳನ್ನು ಚೆನ್ನಾಗಿ ತಿನ್ನಿಸಿ. ಮೋಡ ಕವಿದು ಗಾಳಿಯ ಒತ್ತಡ ಇಳಿದ ಸಂಜೆ, ತೊಟ್ಟಿಯ ಅರ್ಧದಷ್ಟು ನೀರನ್ನು ಮೂರು ನಾಲ್ಕು ಡಿಗ್ರಿ ತಂಪಾದ ಮೆದು ನೀರಿನಿಂದ ಬದಲಿಸಿ. ಮರುದಿನ ಬೆಳಿಗ್ಗೆ ಗಂಡುಗಳು ಹೆಣ್ಣಿನ ಹಿಂದೆ ಬಿದ್ದಿರುವ ಸಂಭವ ಹೆಚ್ಚು. ಹೆಣ್ಣು ತನ್ನ ಹೊಟ್ಟೆಯ ರೆಕ್ಕೆಗಳನ್ನು ಬೊಗಸೆಯಂತೆ ಜೋಡಿಸಿ, ಅದರಲ್ಲಿ ಕೆಲವೇ ಮೊಟ್ಟೆಗಳನ್ನು ಹಿಡಿದು, ಗಾಜಿಗೋ ಎಲೆಗೋ ಅಂಟಿಸುತ್ತದೆ. ಅಂಟಿಸಿ ಒಂದೆರಡು ಗಂಟೆಯಾದ ಮೇಲೆ ಅವು ಗಟ್ಟಿಯಾಗುತ್ತವೆ. ಆಗ ಬೆರಳಿನಿಂದ ಮೆಲ್ಲಗೆ ಹೊರಳಿಸಿ ತೆಗೆದು, ಅದೇ ತೊಟ್ಟಿಯ ನೀರಿರುವ ಸಣ್ಣ ಪೆಟ್ಟಿಗೆಗೆ ಹಾಕಿ, ಗಾಳಿಕಲ್ಲು ಇಡಿ. ಬಿಳಿಯಾದವನ್ನು ದಿನಕ್ಕೆರಡು ಬಾರಿ ಆರಿಸಿ ತೆಗೆಯದಿದ್ದರೆ ಬೂಷ್ಟು ಉಳಿದವಕ್ಕೂ ಹರಡುತ್ತದೆ. ಮೂರರಿಂದ ಐದು ದಿನಗಳಲ್ಲಿ ಮರಿ ಹೊರಬರುತ್ತದೆ. ಹೊಟ್ಟೆಯ ಹಳದಿ ಚೀಲ ಕರಗುವವರೆಗೆ ಏನನ್ನೂ ಹಾಕಬೇಡಿ, ಆಮೇಲೆ ಆಗತಾನೆ ಮೊಟ್ಟೆಯೊಡೆದ ಆರ್ಟಿಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಕೊಡಿ, ಜೊತೆಗೆ ನೀರಿನ ಸಣ್ಣ ಸಣ್ಣ ಬದಲಾವಣೆಯನ್ನು ದಿನವೂ ತಪ್ಪಿಸಬೇಡಿ.