ಹಲಸಿನ ಮರದ ಆ ಹಸಿರು ಹಕ್ಕಿ ಯಾವುದು?

ಪ್ರಶ್ನೆ: ದೀಪಾವಳಿ ಹೊತ್ತಿಗೆ ನಮ್ಮ ಹಿತ್ತಲ ಹಲಸಿನ ಮರಕ್ಕೆ ಒಂದು ಪುಟ್ಟ ಹಸಿರು ಹಕ್ಕಿ ಬರುತ್ತದೆ. ಎಲೆ ಮಧ್ಯೆ ಕಂಡ ಹಾಗಾಗುತ್ತದೆ, ಅಷ್ಟರಲ್ಲಿ ಮಾಯ. ಪುಸ್ತಕ ತೆಗೆದರೆ ಹಸಿರು ಹಕ್ಕಿಗಳೆಲ್ಲ ಒಂದೇ ಥರ ಇವೆ. ಗುರುತಿಸೋದು ಹೇಗೆ? (ತೀರ್ಥಹಳ್ಳಿ ಕಡೆಯ ಓದುಗರು)

ಮೊದಲು ಪುಸ್ತಕ ಮುಚ್ಚಿಡಿ. ಆಮೇಲೆ ಅದೇ ಮರದ ಕೆಳಗೆ ನಿಂತು ಸುಮ್ನೆ ಕೇಳಿ. "ಚಿ-ವೀ" ಅಂತ ಚೂಪಾದ ಎರಡು ಸ್ವರದ ಕೂಗು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಕೂಗು ಕೇಳಿಸಿದರೆ ಅದು ಬಹುತೇಕ ಗ್ರೀನಿಶ್ ವಾರ್ಬ್ಲರ್. ಕನ್ನಡದಲ್ಲಿ ಈ ಗುಂಪಿನವಕ್ಕೆ ಎಲೆ ಉಲಿಯಕ್ಕಿ ಅನ್ನುತ್ತಾರೆ. ಮಲೆನಾಡಿಗೆ ಚಳಿಗಾಲಕ್ಕೆ ಬರುವ ಎಲೆ ಉಲಿಯಕ್ಕಿಗಳಲ್ಲಿ ಇದೂ ಒಂದು.

ಆದರೆ ಅದಕ್ಕೂ ಮುಂಚೆ ಇಲ್ಲಿಯವೇ ಆದ ಪುಟ್ಟ ಹಕ್ಕಿಗಳನ್ನು ಪಕ್ಕಕ್ಕೆ ಸರಿಸಬೇಕು. ಬಾಲ ಮೇಲಕ್ಕೆತ್ತಿಕೊಂಡು, ನೆತ್ತಿ ಕೆಂಚಾಗಿ, ಬೇಲಿ ಗಿಡದಲ್ಲಿ ಮೈಕ್ ಹಿಡಿದವರಂತೆ "ಟುವಿಟ್ ಟುವಿಟ್" ಅಂತ ಕಿರುಚುವುದು ದರ್ಜಿ ಹಕ್ಕಿ. ಕಣ್ಣಿನ ಸುತ್ತ ಬಿಳಿ ಉಂಗುರ ಇದ್ದು ಗುಂಪಾಗಿ ಬಂದರೆ ಬೆಳ್ಗಣ್ಣ. ಕೊಕ್ಕು ಬಾಗಿದ್ದರೆ ಹೆಣ್ಣು ಸೂರಕ್ಕಿ. ಎಲೆ ಉಲಿಯಕ್ಕಿಯ ಕೊಕ್ಕು ಸಣ್ಣದು, ನೇರ. ಕಣ್ಣಿನ ಮೇಲೆ ಹುಬ್ಬಿನಂಥ ತಿಳಿ ಗೆರೆ ಇರುತ್ತದೆ. ಒಂದು ಕ್ಷಣ ಸುಮ್ಮನಿರುವುದಿಲ್ಲ. ರೆಕ್ಕೆ ಪಟಪಟ ಅದುರಿಸುತ್ತಾ ಎಲೆಯ ಅಡಿಯಿಂದ ಹುಳ ಹೆಕ್ಕುತ್ತಲೇ ಇರುತ್ತದೆ.

ಬಣ್ಣ ನೋಡಿ ಗುರುತು ಹಿಡಿಯಲು ಹೋಗಬೇಡಿ. ಮೇಲೆ ಮಾಸಲು ಹಸಿರು, ಕೆಳಗೆ ಮಾಸಲು ಬಿಳಿ, ಅಷ್ಟೇ. ಅದೂ ಎಲೆಯ ಮೂಲಕ ಬಂದ ಬೆಳಕಿನಲ್ಲಿ ಎಲ್ಲಾ ಹಕ್ಕಿಗಳೂ ಹಸಿರಾಗಿಯೇ ಕಾಣುತ್ತವೆ, ಅಲ್ವಾ? ಗ್ರೀನಿಶ್‌ನ ರೆಕ್ಕೆಯ ಮೇಲೆ ಒಂದು ತೆಳು ಬಿಳಿ ಪಟ್ಟಿ ಇರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ, ನಿಜವೇ, ಆದರೆ ಗರಿ ಸವೆದರೆ ಆ ಪಟ್ಟಿಯೂ ಕಾಣುವುದಿಲ್ಲ. ಕೂಗು ಸವೆಯುವುದಿಲ್ಲ. ಅದಕ್ಕೇ ಕಿವಿಗೆ ಮೊದಲ ಜಾಗ.

ಇಷ್ಟಕ್ಕೂ ಚಳಿಗಾಲದಲ್ಲಿ ಇದು ಯಾಕೆ ಇಷ್ಟೊಂದು ಕೂಗುತ್ತದೆ? ಮರಿ ಮಾಡುವ ಕಾಲವಲ್ಲ, ಜೋಡಿ ಹುಡುಕುತ್ತಿಲ್ಲ. ಸಾಮಾನ್ಯವಾಗಿ ಹಕ್ಕಿಗಳು ಗೂಡು ಕಟ್ಟುವಾಗ ಜಾಗಕ್ಕಾಗಿ ಜಗಳ ಆಡುತ್ತವೆ, ಇದು ಮಾತ್ರ ವಲಸೆ ಬಂದ ಊರಿನಲ್ಲೂ ತನ್ನದೊಂದು ಜಾಗ ಹಿಡಿದು ಒಂಟಿಯಾಗಿ ಕಾಯುತ್ತದೆ. ಆ ಕೂಗು ಪಕ್ಕದ ಮರದಲ್ಲಿರುವ ಇನ್ನೊಂದು ಗ್ರೀನಿಶ್‌ಗೆ ಕೊಡುವ ಎಚ್ಚರಿಕೆ. ಅಂದರೆ ನೀವು ನವೆಂಬರ್‌ನಲ್ಲಿ ಹಲಸಿನ ಮರದಲ್ಲಿ ಕಂಡ ಹಕ್ಕಿಯೇ ಜನವರಿಯಲ್ಲೂ ಅಲ್ಲೇ ಇರುವ ಸಾಧ್ಯತೆ ತುಂಬಾ ಇದೆ. ಕಲಿಯುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಕಾಡು ಸುತ್ತಬೇಕಿಲ್ಲ, ಕೊಡಚಾದ್ರಿ ಹತ್ತಬೇಕಿಲ್ಲ, ಅದೇ ಮರಕ್ಕೆ ಅದೇ ಹೊತ್ತಿಗೆ ಹೋದರೆ ಸಾಕು. ಆ ಒಂದು ಹಕ್ಕಿಯ ದನಿ ಕಿವಿಯಲ್ಲಿ ಕೂತ ಮೇಲೆ, ಬೇರೆ ಯಾವುದಾದರೂ ಕೂಗಿದ ಕೂಡಲೇ "ಇದು ಅದಲ್ಲ" ಅಂತ ನಿಮಗೇ ಗೊತ್ತಾಗುತ್ತದೆ.

ಆ "ಅದಲ್ಲ" ಅನ್ನುವ ಹಕ್ಕಿಗಳಲ್ಲಿ ಮೊದಲು ಸಿಗಬಹುದಾದದ್ದು ಗ್ರೀನ್ ವಾರ್ಬ್ಲರ್, ಹೆಸರಿನಲ್ಲೇ ಗೊಂದಲ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ನಡುವಿನ ಕಾಕಸಸ್ ಬೆಟ್ಟಗಳ ಕಡೆಯಿಂದ ಬರುತ್ತದೆ. ಹೊಟ್ಟೆ, ಕತ್ತು ಹಳದಿ ಮಿಶ್ರಿತ. ಕೂಗಿನಲ್ಲಿ ಎರಡಲ್ಲ, ಮೂರು ಸ್ವರ: "ಚಿ-ವಿ-ರಿ". ಲಾರ್ಜ್ ಬಿಲ್ಡ್ ಲೀಫ್ ವಾರ್ಬ್ಲರ್ ಹಿಮಾಲಯದ ಹಳ್ಳಗಳ ಬದಿಯಲ್ಲಿ ಮರಿ ಮಾಡಿ ಇಲ್ಲಿಗೆ ಬರುವುದು. ಅದರದು ಎರಡೇ ಸ್ವರ, ಆದರೆ ಮೊದಲನೆಯದು ತಗ್ಗಿನಲ್ಲಿ, ಎರಡನೆಯದು ಏರಿನಲ್ಲಿ. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ವಿಷಯ ಬೇರೆ. ಪಶ್ಚಿಮ ಹಿಮಾಲಯದ ಈ ಹಕ್ಕಿಯ ನೆತ್ತಿಯ ನಡುವೆ ತಿಳಿ ಗೆರೆ, ರೆಕ್ಕೆಯಲ್ಲಿ ಎರಡು ಪಟ್ಟಿ, ಮೈಕಟ್ಟೂ ಸ್ವಲ್ಪ ದೊಡ್ಡದು. ಒಂದು ಮರ ಹಿಡಿದು ಕೂರುವ ಜಾತಿಯಲ್ಲ. ಆಗುಂಬೆ ಅಥವಾ ಶೆಟ್ಟಿಹಳ್ಳಿ ಕಡೆಯ ಕಾಡಿನಲ್ಲಿ ಇದ್ದಕ್ಕಿದ್ದಂತೆ ಬೇರೆ ಬೇರೆ ಜಾತಿಯ ಹಕ್ಕಿಗಳ ಹಿಂಡು ಗಲಗಲ ಅಂತ ತಲೆ ಮೇಲೆ ಹಾದುಹೋಗುತ್ತದೆ, ನೋಡಿರಬಹುದು. ಕಾಜಾಣ, ಮರಕುಟಿಗ ಎಲ್ಲಾ ಇರುವ ಆ ಹಿಂಡಿನಲ್ಲಿ ಇದನ್ನು ಹುಡುಕಿ.

ಬೇಲಿ ಸಾಲಿನ ಲಂಟಾನದೊಳಗಿಂದ ನಾಲಿಗೆ ಲೊಟ್ಟೆ ಹಾಕಿದ ಹಾಗೆ "ಟಕ್, ಟಕ್" ಬಂದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಹಸಿರಲ್ಲ, ಬರೀ ಕಂದು. ಫಿನ್ಲೆಂಡ್, ರಷ್ಯಾದಂಥ ದೂರದ ನಾಡಿನಲ್ಲಿ ಗೂಡು ಕಟ್ಟಿ, ಚಳಿಗಾಲ ಕಳೆಯಲು ಭಾರತದ ಕಡೆ ಬರುವ ಹಕ್ಕಿ. ಮುಖ ತೋರಿಸುವುದು ಕಡಿಮೆ, ಕಂಡರೂ ಚಂದದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಆದರೂ ನನಗೆ ಇಷ್ಟ.

ಇನ್ನು ನಿಲ್ಲುವ ಜಾಗದ ಮಾತು. ಎತ್ತರದ ಮರದ ಬುಡದಲ್ಲಿ ನಿಂತು ಮೇಲೆ ನೋಡಿದರೆ ಕತ್ತು ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ನಮ್ಮಲ್ಲಿ ಅಡಿಕೆ ತೋಟ ಕಣಿವೆಯಲ್ಲಿರುತ್ತದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಅದರ ಮೇಲಿರುತ್ತದೆ. ಧರೆಯ (ಕಡಿದಾದ ಮಣ್ಣಿನ ದಂಡೆಯ) ಮೇಲಿನ ದಾರಿಯಲ್ಲಿ ನಿಂತರೆ ಕೆಳಗಿನ ಮರಗಳ ತುದಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಅಡಿಕೆ ಮರದಲ್ಲೇ ಹುಡುಕುತ್ತಾ ಕೂರಬೇಡಿ, ತೋಟದ ಅಂಚಿನ ಹಲಸು, ಮಾವು, ಮತ್ತಿಯಂಥ ಎಲೆ ತುಂಬಿದ ಮರ ನೋಡಿ. ಮಂಜು ಕರಗಿ ಮರದ ನೆತ್ತಿಗೆ ಬಿಸಿಲು ಬಿದ್ದ ಮೇಲೆ ಹುಳಗಳು ಓಡಾಡುತ್ತವೆ, ಅದರ ಹಿಂದೆಯೇ ಇವೂ. ದುರ್ಬೀನು ಇದ್ದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಸಾಕು, ಇಲ್ಲದಿದ್ದರೂ ಕಿವಿಯಂತೂ ಇದೆಯಲ್ಲ.

ಗ್ರೀನಿಶ್ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಇರಲಾರೆ. ಇದರ ತೂಕ ಸುಮಾರು 8 ಗ್ರಾಂ, ಹೆಚ್ಚುಕಮ್ಮಿ ಒಂದು ಹತ್ತು ರೂಪಾಯಿ ನಾಣ್ಯದಷ್ಟು. ಜೀವವಿಕಾಸ ಓದುವವರಿಗೆ ಮಾತ್ರ ಇದು ದೊಡ್ಡ ಹಕ್ಕಿ. ಮರಿ ಮಾಡುವ ಕಾಲದಲ್ಲಿ ಇವು ಹಿಮಾಲಯದಲ್ಲಿವೆ, ಅಲ್ಲಿಂದ ಟಿಬೆಟ್ ಪ್ರಸ್ಥಭೂಮಿಯ ಪಶ್ಚಿಮಕ್ಕೂ ಪೂರ್ವಕ್ಕೂ ಎರಡು ಕವಲಾಗಿ ಬಳಸಿಕೊಂಡು ಸೈಬೀರಿಯಾದವರೆಗೆ ಹರಡಿವೆ. ದಾರಿಯುದ್ದಕ್ಕೂ ಅಕ್ಕಪಕ್ಕದವುಗಳ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋಗುತ್ತದೆ. ಕೊನೆಗೆ ಸೈಬೀರಿಯಾದಲ್ಲಿ ಎರಡೂ ಕವಲು ಎದುರುಬದುರಾದಾಗ ಒಂದರ ಹಾಡನ್ನು ಇನ್ನೊಂದು ತನ್ನವರದ್ದೆಂದು ಎಣಿಸುವುದೇ ಇಲ್ಲ. ವಿಜ್ಞಾನಿಗಳಾದ ಡ್ಯಾರೆನ್ ಇರ್ವಿನ್, ಟ್ರೆವರ್ ಪ್ರೈಸ್ ಮತ್ತು ಜೊತೆಗಾರರು 2001ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. 2014ರಲ್ಲಿ ಜೀನೋಮ್ (ಹಕ್ಕಿಯ ಇಡೀ ಡಿಎನ್ಎ) ನೋಡಿದಾಗ ಈ ಸರಪಳಿ ಹಿಂದೆ ಅಲ್ಲಲ್ಲಿ ಕಡಿದಿತ್ತು ಎಂದೂ ತಿಳಿಯಿತು. ನಮ್ಮ ಹಲಸಿನ ಮರಕ್ಕೆ ಬರುವುದು ಪಶ್ಚಿಮದ ಕವಲಿನವು.

ಮೊಬೈಲಿನ ಮರ್ಲಿನ್ ಆಪ್ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಕಲಿಯಲು ಒಳ್ಳೆಯದೇ, ಆದರೆ ಅದು ಹೇಳಿದ್ದನ್ನೇ ನಂಬಿ ಬರೆದಿಡಬೇಡಿ. ಹಕ್ಕಿ ಕೂಗುಗಳ ಜಾಲತಾಣ ಝೆನೋ-ಕ್ಯಾಂಟೋದಲ್ಲಿ ಧ್ವನಿಮುದ್ರಿಕೆಗಳಿವೆ, ಮನೆಯಲ್ಲಿ ಕೂತು ಹೋಲಿಸಿ ನೋಡಿ. ಮರದ ಕೆಳಗೆ ನಿಂತು ಅದನ್ನು ಜೋರಾಗಿ ಹಾಕಬೇಡಿ ಮಾತ್ರ. ತನ್ನ ಜಾಗಕ್ಕೆ ಬೇರೆಯದು ಬಂತು ಅಂತ ಹಕ್ಕಿ ಹುಳ ಹೆಕ್ಕುವುದನ್ನು ಬಿಟ್ಟು ಇಲ್ಲದ ಶತ್ರುವನ್ನು ಹುಡುಕಿಕೊಂಡು ಓಡಾಡುತ್ತದೆ. ಏಪ್ರಿಲ್ ಹೊತ್ತಿಗೆ ಮತ್ತೆ ಉತ್ತರಕ್ಕೆ ಹಾರಬೇಕಾದ ಜೀವಕ್ಕೆ ಅದು ಬೇಡದ ಖರ್ಚು.

ಕೂಗಲೇ ಇಲ್ಲ, ರೆಕ್ಕೆಯ ಪಟ್ಟಿಯೂ ಕಾಣಲಿಲ್ಲ ಅಂದರೆ? ಹಕ್ಕಿ ನೋಡಿದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಕಂಡ ಹಕ್ಕಿಗಳ ಹೆಸರು ಹಾಕುವಾಗ ಜಾತಿ ಹೇಳದೆ ಬರೀ "ಎಲೆ ಉಲಿಯಕ್ಕಿ" ಗುಂಪು ಅಂತ ದಾಖಲಿಸಲು ಅವಕಾಶ ಇದೆ. ಧೈರ್ಯವಾಗಿ ಅದನ್ನೇ ಆರಿಸಿ. ಅನುಭವಿಗಳೂ ಎಷ್ಟೋ ಸಲ ಮಾಡುವುದು ಅದನ್ನೇ.