ನಾಳೆ ನಡೆಯಬಹುದಾದ ಅಪರಾಧಕ್ಕೆ ಇವತ್ತೇ ಮನೆ ಶೋಧಿಸಬಹುದೇ?

ಪ್ರಶ್ನೆ: ನಾವು ದಾವಣಗೆರೆಯವರು. ದುಗ್ಗಮ್ಮನ ಜಾತ್ರೆಗೋ ಚುನಾವಣೆಗೋ ಮುಂಚೆ ಪೊಲೀಸರು ಮನೆಗೆ ಬಂದು, ‘ಗಲಾಟೆ ಆಗಬಹುದು ಅಂತ ಮಾಹಿತಿ ಇದೆ, ಮನೆ ನೋಡಬೇಕು’ ಅಂದರೆ ಬಿಡಲೇಬೇಕೇ? ಇನ್ನೂ ನಡೆಯದ ಅಪರಾಧಕ್ಕೆ ಸರ್ಚ್ ವಾರಂಟ್ ಸಿಗುತ್ತದೆಯೇ?

ಉತ್ತರ: ಕೆಲವು ಅಪರಾಧಗಳಿಗೆ ಸಿಗುತ್ತದೆ. ‘ಗಲಾಟೆ ಆಗಬಹುದು’ ಎಂಬ ಬರೀ ಬಾಯಿಮಾತಿಗೆ ಸಿಗುವುದಿಲ್ಲ.

2024ರ ಜುಲೈ 1ರಿಂದ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 96 ಮತ್ತು 97ನೇ ಕಲಂಗಳ ವಾರಂಟ್ ಹೆಚ್ಚಾಗಿ ಈಗಾಗಲೇ ಇರುವ ವಸ್ತುವನ್ನು ಹುಡುಕುವುದಕ್ಕೆ: ದಾಖಲೆಪತ್ರ, ಕಳವಿನ ಮಾಲು, ಖೋಟಾ ನೋಟು. ಮುಂದೆ ಆಗಬಹುದಾದದ್ದನ್ನು ನೇರವಾಗಿ ಹೇಳುವುದು ಬೇರೆ ಕಾಯ್ದೆಗಳು. ಕರ್ನಾಟಕ ಅಬಕಾರಿ ಕಾಯ್ದೆ, 1965ರ 53ನೇ ಕಲಂ ಪ್ರಕಾರ ಅಪರಾಧ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿದ್ದರೆ ಮ್ಯಾಜಿಸ್ಟ್ರೇಟರು ವಾರಂಟ್ ಕೊಡಬಹುದು. ಒಬ್ಬನ ಕೈಯಲ್ಲಿ ಆಯುಧ ಉಳಿದರೆ ಸಾರ್ವಜನಿಕ ಶಾಂತಿಗೆ ಅಪಾಯ ಎಂದು ಕಂಡರೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ 22ನೇ ಕಲಂ ಕೆಳಗೆ ಮ್ಯಾಜಿಸ್ಟ್ರೇಟರು ಕಾರಣ ಬರೆದಿಟ್ಟು ಶೋಧಕ್ಕೆ ಆದೇಶಿಸಬಹುದು. ಇನ್ನು ಡಕಾಯಿತಿಗೆ ಸಿದ್ಧತೆ ಮಾಡಿಕೊಳ್ಳುವುದೇ 10 ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ಅಲ್ಲಿ ‘ನಾಳೆಯ ಅಪರಾಧ’ ಎಂಬ ಪ್ರಶ್ನೆಯೇ ಬರುವುದಿಲ್ಲ.

ಜನ ಗೊಂದಲಕ್ಕೆ ಬೀಳುವುದು ಮುಂಜಾಗ್ರತಾ ಕ್ರಮದಲ್ಲಿ. ಪೊಲೀಸರು ನೇರವಾಗಿ ಬಂಧಿಸಬಹುದಾದ ಬಗೆಯ (ಸಂಜ್ಞೇಯ) ಅಪರಾಧಕ್ಕೆ ಒಬ್ಬ ಸಂಚು ಮಾಡುತ್ತಿದ್ದಾನೆ, ತಡೆಯಲು ಬೇರೆ ದಾರಿಯಿಲ್ಲ ಎಂದು ಗೊತ್ತಾದರೆ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಂ ಪ್ರಕಾರ ವಾರಂಟ್ ಇಲ್ಲದೆ ಅವನನ್ನು ಹಿಡಿಯಬಹುದು, 24 ಗಂಟೆ ಇಟ್ಟುಕೊಳ್ಳಬಹುದು. 126ರ ಕೆಳಗೆ ಶಾಂತಿ ಕಾಪಾಡುವ ಬಾಂಡ್ ಬರೆಸಬಹುದು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲದ್ದರಿಂದ ಆ ಕಡತ ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಇವೆರಡೂ ವ್ಯಕ್ತಿಯನ್ನು ತಡೆಯುವ ಕಲಂಗಳು. ಮನೆಯ ಬೀರು ತೆಗೆದು ಹುಡುಕುವ ಅಧಿಕಾರ ಇವುಗಳಲ್ಲಿ ಬರೆದಿಲ್ಲ. ಮನೆಯವರೂ ಠಾಣೆಯವರೂ ಇದನ್ನು ಅರಿತಿದ್ದರೆ ಬಾಗಿಲ ಬಳಿಯ ಜಗಳ ಎಷ್ಟೋ ಕಡಿಮೆಯಾದೀತು.

ಪೊಲೀಸರ ಕಷ್ಟವೂ ಸಣ್ಣದಲ್ಲ. ರಾತ್ರಿ ಎರಡು ಗಂಟೆಗೆ ಬಾತ್ಮೀದಾರ ಫೋನ್ ಮಾಡಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಕ್ರಮ ಮದ್ಯದ ವಾಹನ ಬರುತ್ತಿದೆ ಅನ್ನುತ್ತಾನೆ. ವಾರಂಟ್‌ಗೆ ಕಾಯುತ್ತ ಕೂತರೆ ವಾಹನ ಹಿರಿಯೂರು ದಾಟಿರುತ್ತದೆ. ಬಾತ್ಮೀದಾರನ ಹೆಸರು ಬರೆದರೆ ಅವನ ಜೀವಕ್ಕೆ ಅಪಾಯ, ಏನೂ ಬರೆಯದಿದ್ದರೆ ಕೇಸೇ ಬೀಳುತ್ತದೆ. ಪಂಚರಾಗಿ, ಅಂದರೆ ಶೋಧಕ್ಕೆ ಸಾಕ್ಷಿಗಳಾಗಿ, ಬನ್ನಿ ಅಂದರೆ ನೆರೆಯವರು ಬಾಗಿಲು ಹಾಕಿಕೊಳ್ಳುತ್ತಾರೆ; ಕೋರ್ಟಿಗೆ ಅಲೆಯುವ ಭಯ.

ಇಂಥ ತುರ್ತಿಗೆಂದೇ ಅಬಕಾರಿ ಕಾಯ್ದೆಯ 54ನೇ ಕಲಂ ವಾರಂಟ್ ಇಲ್ಲದ ಶೋಧಕ್ಕೆ ಅವಕಾಶ ಕೊಟ್ಟಿದೆ. ಮುಖ್ಯ ಷರತ್ತು: ನಂಬಿಕೆಗೆ ಕಾರಣವೇನೆಂದು ಶೋಧಕ್ಕೆ ಮುಂಚೆ ಬರೆಯಬೇಕು. ನಮ್ಮ ರಾಜ್ಯದ್ದೇ ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ ಕಾರಿನಲ್ಲಿ ಮದ್ಯ ಸಿಕ್ಕಿತ್ತು, ಶಿಕ್ಷೆಯೂ ಆಗಿತ್ತು. ಇನ್‌ಸ್ಪೆಕ್ಟರು ಕಾರಣ ಬರೆದಿಟ್ಟಿರಲಿಲ್ಲವೆಂದು ಸುಪ್ರೀಂ ಕೋರ್ಟ್ 1979ರಲ್ಲಿ ಶಿಕ್ಷೆ ರದ್ದು ಮಾಡಿತು. ಆ ಒಂದು ಹಾಳೆ ಬರೆಯಲು ಐದು ನಿಮಿಷ ಸಾಕಿತ್ತು. ಠಾಣೆಗಳಲ್ಲಿ ಹೊಸ ಪಿಎಸ್‌ಐಗಳಿಗೆ ಮೊದಲು ಕಲಿಸಬೇಕಾದ ಪಾಠ ಇದೇ ಎಂದು ನನಗನ್ನಿಸುತ್ತದೆ.

ಹಾಗೆಂದು ಲೋಪವಿರುವ ಶೋಧವೆಲ್ಲ ಬಿದ್ದುಹೋಗುತ್ತದೆ ಎಂದುಕೊಳ್ಳಬೇಡಿ. ಶೋಧ ಕ್ರಮಬದ್ಧವಲ್ಲ ಎಂಬ ಒಂದೇ ಕಾರಣಕ್ಕೆ ಸಿಕ್ಕ ಸಾಕ್ಷ್ಯವನ್ನು ಕೈಬಿಡಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪು ಹೇಳಿದೆ. ಆದ್ದರಿಂದ ಎಚ್ಚರ ಶೋಧದ ಹೊತ್ತಿನಲ್ಲೇ ಇರಲಿ. ವಾರಂಟ್ ತೋರಿಸಿ ಎಂದು ಕೇಳಿ. ವಾರಂಟ್ ಇಲ್ಲವೆಂದರೆ ಯಾವ ಕೇಸು, ಯಾವ ಕಲಂ ಎಂದು ಕೇಳಿ. ಸುರಕ್ಷಾ ಸಂಹಿತೆಯ 185ನೇ ಕಲಂ ಕೆಳಗಿನ ಶೋಧ ನಡೆಯುತ್ತಿರುವ ತನಿಖೆಗೆ ಮಾತ್ರ. ಬಾಗಿಲಿಗೆ ಅಡ್ಡ ನಿಂತು ತಳ್ಳಾಡಬೇಡಿ. ಪಂಚರಿಬ್ಬರು ಇರಲೇಬೇಕು, ನೀವೂ ಜೊತೆಗಿದ್ದು ನೋಡಬಹುದು. ಹೆಂಗಸರ ಮೈ ಶೋಧವನ್ನು ಹೆಂಗಸರೇ ಮಾಡಬೇಕು. ಅದೇ ಸಂಹಿತೆಯ 105ನೇ ಕಲಂ ಪ್ರಕಾರ ಎಲ್ಲವೂ ವಿಡಿಯೊ ಆಗಬೇಕು. ಜಪ್ತಿಯಾದ ವಸ್ತುಗಳ ಪಟ್ಟಿಯ ನಕಲು ಕೇಳಿ ಪಡೆಯಿರಿ.

185ರ ಕೆಳಗಿನ ಶೋಧವಾದರೆ ಬರೆದಿಟ್ಟ ಕಾರಣದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಕೊಟ್ಟರೆ ಅದರ ನಕಲು ಕೋರ್ಟಿನಿಂದ ಉಚಿತವಾಗಿ ಸಿಗುತ್ತದೆ.